ಒಂದು ಚೂರು ಮೂಳೆ, ಅದರ ಸುತ್ತ ಊರಿನ ಚಿನ್ನ

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಇದರಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ಮೂರ್ತಿಯಿಂದ ಶುರು ಮಾಡುತ್ತೇನೆ.

ದಕ್ಷಿಣ ಫ್ರಾನ್ಸಿನ ಗುಡ್ಡಗಳ ನಡುವೆ ಕಾಂಕ್ ಅಂತ ಒಂದು ಸಣ್ಣ ಊರು. ಅಲ್ಲಿಯ ಹಳೇ ಮಠದ ಭಂಡಾರದಲ್ಲಿ ಒಬ್ಬ ಹುಡುಗಿ ಸಿಂಹಾಸನದ ಮೇಲೆ ಕೂತಿದ್ದಾಳೆ. ಹೆಸರು ಸಂತ ಫ್ವಾ. ಎತ್ತರ 85 ಸೆಂಟಿಮೀಟರ್, ಅಂದರೆ ಮೂರಡಿಗಿಂತ ಕಡಿಮೆ. ಮೈಗೆ ಹೋಲಿಸಿದರೆ ತಲೆ ದೊಡ್ಡದು. ಗದ್ದ ಮೇಲೆತ್ತಿ, ಗಾಜಿನ ಕಣ್ಣು ಅಗಲಿಸಿ ನೆಟ್ಟಗೆ ನೋಡುತ್ತಾಳೆ. ತಲೆಗೆ ಕಿರೀಟ, ಕಿವಿಗೆ ಓಲೆ, ಮೈತುಂಬ ಹರಳು. ಎರಡೂ ಕೈಯಲ್ಲಿ ಪುಟ್ಟ ಕೊಳವೆಗಳಿವೆ. ಬಹುಶಃ ಹೂ ಸಿಕ್ಕಿಸುವುದಕ್ಕೆ.

ಪರಂಪರೆಯ ಪ್ರಕಾರ ಫ್ವಾ ಆಜಾಂ ಎಂಬ ಊರಿನ ಹನ್ನೆರಡು ಹದಿಮೂರು ವರ್ಷದ ಹುಡುಗಿ. ಸುಮಾರು 303ರಲ್ಲಿ, ರೋಮನ್ನರು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ತನ್ನ ನಂಬಿಕೆ ಬಿಡಲಿಲ್ಲ ಅಂತ ಅವಳನ್ನು ಕೊಂದರು. ಅವಳ ತಲೆಬುರುಡೆಯ ಒಂದು ಭಾಗ ಈ ಮೂರ್ತಿಯೊಳಗಿದೆ. ಅಂದರೆ ಇದು ಸಂತ ಫ್ವಾಳ ಅವಶೇಷ ಇಟ್ಟ ಪೆಟ್ಟಿಗೆಯೂ ಹೌದು. ಇಂಥ ಪೆಟ್ಟಿಗೆಗಳನ್ನೆಲ್ಲ ಕರಂಡಕ ಅಂತ ಕರೆಯೋಣ.

ಈಗ ಹತ್ತಿರ ಹೋಗಿ ನೋಡೋಣ. ಇದು ಗಟ್ಟಿ ಚಿನ್ನದ ಮೂರ್ತಿ ಅಲ್ಲ. ಒಳಗೆ ಯೂ ಮರದ ಕೊರಡು. ಅದರ ಮೇಲೆ ಚಿನ್ನದ ತಗಡು ಹೊದಿಸಿ ಸಣ್ಣ ಸಣ್ಣ ಮೊಳೆ ಹೊಡೆದಿದ್ದಾರೆ. ಮುಖ ಮಾತ್ರ ಬೇರೆ ಕಾಲದ್ದು. 4 ಅಥವಾ 5ನೇ ಶತಮಾನದ ರೋಮನ್ ಕೆಲಸ, ಅದೂ ಒಬ್ಬ ಗಂಡಸಿನ, ಬಹುಶಃ ಯಾವನೋ ಚಕ್ರವರ್ತಿಯ ಮುಖ ಅನ್ನುತ್ತಾರೆ ತಿಳಿದವರು. 9ನೇ ಶತಮಾನದ ಅಕ್ಕಸಾಲಿ ಅದನ್ನು ತಂದು ಈ ಹುಡುಗಿಗೆ ಕೂರಿಸಿದ. ಮೈಮೇಲಿನ ಎಷ್ಟೋ ಹರಳುಗಳಲ್ಲಿ ಹಳೆಯ ರೋಮನ್ ಚಿತ್ರಗಳ ಕೆತ್ತನೆ ಇದೆ. ಸಿಂಹಾಸನದ ಹಿಂಭಾಗದಲ್ಲಿ ಒಂದು ಸ್ಫಟಿಕದ ಬಿಲ್ಲೆ ಇದೆ. ಅದರ ಮೇಲೆ ಶಿಲುಬೆಗೇರಿದ ಯೇಸುವಿನ ಚಿತ್ರ. ಅದು 9ನೇ ಶತಮಾನದ್ದು. ಸಿಂಹಾಸನದ ಸ್ಫಟಿಕದ ಗುಂಡುಗಳು ಆಮೇಲೆ ಬಂದವು. ಮುಂಗೈಗಳು 16ನೇ ಶತಮಾನದವು. ಒಂದೇ ಮೂರ್ತಿಯಲ್ಲಿ ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲದ ಕೆಲಸ ಇದೆ, ಅಲ್ವಾ?

ನನ್ನ ಮಾತಿನ ತಿರುಳು ಇದೇ. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಕಂಡ ಕರಂಡಕವನ್ನು ನಾವು ಮುಗಿದ ಕೆಲಸ ಅಂದುಕೊಳ್ಳುತ್ತೇವೆ. ಇಂಥ ವರ್ಷ, ಇಂಥ ಕಲಾವಿದ ಅಂತ ಚೀಟಿ ಓದಿ ಮುಂದೆ ಹೋಗುತ್ತೇವೆ. ಆದರೆ ಇವು ಚರ್ಚಿನ ಭಂಡಾರದಲ್ಲಿ ಇದ್ದಷ್ಟು ಕಾಲವೂ ಬೆಳೆಯುತ್ತಿದ್ದವು, ಕರಗುತ್ತಿದ್ದವು, ಅಡ ಹೋಗುತ್ತಿದ್ದವು. ಯಾರು ಏನು ಕೊಟ್ಟರು, ಯಾರು ಬಚ್ಚಿಟ್ಟರು ಅನ್ನುವುದೆಲ್ಲ ಅವುಗಳ ಮೈಮೇಲೇ ಇದೆ.

ಮೂಳೆಗೆ ಇಷ್ಟು ಬೆಲೆ ಯಾಕೆ? ಸಂತರು ಸ್ವರ್ಗದಲ್ಲಿ ದೇವರ ಹತ್ತಿರ ಇದ್ದಾರೆ, ಆದರೂ ಅವರ ದೇಹ ಇರುವ ಕಡೆ ಅವರೂ ಇರುತ್ತಾರೆ ಅಂತ ಆಗಿನವರ ನಂಬಿಕೆ. ಪ್ರಾರ್ಥನೆಯನ್ನು ಅಲ್ಲಿ ಹೇಳಿಕೊಂಡರೆ ಬೇಗ ತಲುಪುತ್ತದೆ. 787ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಸಭೆ, ಅವಶೇಷ ಇಡದೆ ಯಾವ ಬಿಷಪ್ಪರೂ ಚರ್ಚನ್ನು ಪ್ರತಿಷ್ಠೆ ಮಾಡಬಾರದು ಅಂತ ಕಟ್ಟಪ್ಪಣೆ ಮಾಡಿತು. ಬೇಡಿಕೆ ಎಷ್ಟಿತ್ತು ಅಂತ ಇದರಿಂದಲೇ ಊಹಿಸಬಹುದು. ಹಾಗಾಗಿ ಕಳ್ಳತನವೂ ನಡೆಯಿತು. ಕಾಂಕ್ ಮಠದವರೇ ಬರೆದಿಟ್ಟ ಕಥೆ ಕೇಳಿ. ಅವರ ಸನ್ಯಾಸಿಯೊಬ್ಬ ಆಜಾಂಗೆ ಹೋಗಿ ಅಲ್ಲಿಯವರ ಜೊತೆ ಸೇರಿಕೊಂಡ. ಹತ್ತು ವರ್ಷ ನಂಬಿಕೆಯಿಂದ ನಡೆದುಕೊಂಡು ಭಂಡಾರದ ಕಾವಲು ಗಿಟ್ಟಿಸಿದ. ಒಂದು ರಾತ್ರಿ ಸಮಾಧಿ ಒಡೆದು ಫ್ವಾಳ ಅವಶೇಷ ಎತ್ತಿಕೊಂಡು ಬಂದ. ಇದು ಸುಮಾರು 866ರ ಮಾತು. ಮಠದವರು ಇದನ್ನು ಮುಚ್ಚಿಡಲಿಲ್ಲ. ಫ್ವಾಳಿಗೆ ಇಷ್ಟ ಇಲ್ಲದಿದ್ದರೆ ಬರುತ್ತಿದ್ದಳೇ ಅನ್ನುವುದು ಅವರ ವಾದ.

ಬಂದವಳಿಗೆ ಚಿನ್ನ ಬೇಕಲ್ಲ. ಅದು ಬಂದ ಬಗೆಯೂ ಮಠದ ಪವಾಡಗಳ ಪುಸ್ತಕದಲ್ಲಿದೆ. ಅದನ್ನು ಬರೆಯಲು ಶುರು ಮಾಡಿದವನು ಆಂಜೇ ಊರಿನ ಬೆರ್ನಾರ್ ಎಂಬ ಶಾಲಾಮೇಷ್ಟ್ರು. 11ನೇ ಶತಮಾನದ ಮೊದಲ ಭಾಗದವನು. ಚರ್ಚಿನ ಪೂಜಾಪೀಠಕ್ಕೆ ಚಿನ್ನದ ಮುಂಫಲಕ ಮಾಡಿಸುವಾಗ ಫ್ವಾ ಜನರ ಕನಸಿಗೆ ಹೋಗಿ ಉಂಗುರ ಕೊಡು, ಬಳೆ ಕೊಡು ಅಂತ ಕೇಳುತ್ತಿದ್ದಳಂತೆ. ತುಲೂಸಿನ ದೊರೆಯ ಹೆಂಡತಿ ಆರ್ಸಿಂದಳ ಕನಸಲ್ಲಿ ಬಂದು ತೋಳಿನ ಚಿನ್ನದ ಕಡಗ ಕೇಳಿದಳು. ಮಗು ಆಗುವ ಹಾಗೆ ಮಾಡಿದರೆ ಕೊಡುತ್ತೇನೆ ಅಂದಳು ಆರ್ಸಿಂದ. ಮಾತು ಎರಡೂ ಕಡೆ ನಡೆಯಿತು.

ಇನ್ನೊಬ್ಬ ಹೆಂಗಸು ಸಾಯುವಾಗ ತನ್ನ ಉಂಗುರ ಫ್ವಾಳಿಗೆ ಅಂತ ಹೇಳಿ ಹೋದಳು. ಗಂಡ ಅದನ್ನು ಇಟ್ಟುಕೊಂಡು ಎರಡನೇ ಹೆಂಡತಿಗೆ ತೊಡಿಸಿದ. ಅವಳ ಬೆರಳು ಊದಿಕೊಂಡಿತು. ಉಂಗುರ ಹೊರಗೆ ಬರದು, ನೋವು ತಡೆಯಲಾಗದು. ಇಬ್ಬರೂ ಕಾಂಕ್‌ಗೆ ಬಂದು ಫ್ವಾಳ ಮುಂದೆ ಜಾಗರಣೆ ಕೂತರು. ಆಕೆ ಮೂಗು ಸೀನಿಕೊಂಡಾಗ ಉಂಗುರ ತಾನಾಗಿ ಹಾರಿ ನೆಲಕ್ಕೆ ಬಡಿಯಿತಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಇದರಲ್ಲಿ ಕಾಣುವುದು ಹರಕೆಯ ಲೆಕ್ಕ. ಆ ಮೂರ್ತಿಯ ಮೇಲೆ ಕೂತ ಹರಳುಗಳಲ್ಲಿ ಎಷ್ಟೋ ಯಾರೋ ಒಬ್ಬರ ಕಿವಿಯಲ್ಲೋ ಬೆರಳಲ್ಲೋ ಇದ್ದದ್ದೇ.

ಈ ಬೆರ್ನಾರ್ ಮೊದಲು ಸಂಶಯದಿಂದ ಬಂದವನು. 1013ರ ಸುಮಾರಿಗೆ ಆ ಸೀಮೆಗೆ ಬಂದಾಗ, ಸಂತರಿಗೆ ಚಿನ್ನದ ಮೂರ್ತಿ ಮಾಡಿ ಕೂರಿಸುವ ಪದ್ಧತಿ ನೋಡಿ ಅವನಿಗೆ ಕಸಿವಿಸಿ ಆಯಿತು. ಇದು ಹಳೇ ರೋಮನ್ ದೇವರು ಜ್ಯೂಪಿಟರ್‌ನದೋ ಮಾರ್ಸ್‌ನದೋ ವಿಗ್ರಹ ಅಲ್ಲವೇ ಅಂತ ಜೊತೆಗಾರನ ಕಿವಿಯಲ್ಲಿ ಹೇಳಿ ನಕ್ಕ. ಜನಗಳಿಗೆ ಆ ಕಣ್ಣುಗಳು ತಮ್ಮನ್ನೇ ನೋಡುತ್ತಿವೆ ಅನ್ನಿಸುತ್ತದೆ ಅಂತಲೂ ಬರೆದ. ಕಾಂಕ್‌ನ ಕಥೆಗಳನ್ನು ಕೇಳುತ್ತಾ ಕೇಳುತ್ತಾ ಮನಸ್ಸು ತಿರುಗಿತು. ಆಮೇಲೆ ಮತ್ತೆ ಮತ್ತೆ ಬಂದ. ಅವನು ಹೇಳುವ ಒಂದು ದೃಶ್ಯ ನನಗೆ ತುಂಬಾ ಇಷ್ಟ. ರೊದೇಜ್‌ನ ಬಿಷಪ್ ಒಂದು ಧರ್ಮಸಭೆ ಕರೆದಾಗ ಬೇರೆ ಬೇರೆ ಮಠಗಳು ತಮ್ಮ ಸಂತರನ್ನು ಮೆರವಣಿಗೆಯಲ್ಲಿ ಹೊತ್ತು ತಂದವು. ಒಂದು ಬಯಲಲ್ಲಿ ಡೇರೆ ಹಾಕಿ ಎಲ್ಲರನ್ನೂ ಇಳಿಸಿದರು. ಸುತ್ತಲಿನ ಹಳ್ಳಿಗಳ ದೇವರು ಪಲ್ಲಕ್ಕಿಯಲ್ಲಿ ಬಂದು ಒಂದೇ ಜಾತ್ರೆಯಲ್ಲಿ ಸೇರುವುದನ್ನು ನೋಡಿದ ನಮಗೆ ಈ ಚಿತ್ರ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ.

ಈಗ ಅಕ್ಕಸಾಲಿಯ ಕಡೆ ಬರೋಣ. ಅವನ ಕೆಲಸದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಒಂದೇ ಪುಸ್ತಕದಿಂದ. 12ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಒಬ್ಬ ಸನ್ಯಾಸಿ, ಥಿಯೋಫಿಲಸ್ ಅಂತ ಹೆಸರಿಟ್ಟುಕೊಂಡು ಬರೆದದ್ದು. ಮೂರು ಭಾಗ. ಬಣ್ಣ, ಗಾಜು, ಲೋಹ. ಲೋಹದ ಭಾಗವೇ ಎಲ್ಲಕ್ಕಿಂತ ದೊಡ್ಡದು. ಇದನ್ನು ಬರೆದವನು ಕೈ ಸುಟ್ಟುಕೊಂಡು ಕೆಲಸ ಕಲಿತವನು ಅಂತ ಓದುವಾಗಲೇ ಗೊತ್ತಾಗುತ್ತದೆ. ಕಾರ್ಖಾನೆ ಕಟ್ಟುವುದರಿಂದ ಶುರು. ಕಿಟಕಿ ಎಲ್ಲಿರಬೇಕು, ಕೂರುವ ಜಾಗ ಹೇಗಿರಬೇಕು, ಟಗರಿನ ಚರ್ಮದಿಂದ ತಿದಿ ಹೇಗೆ ಮಾಡಬೇಕು, ಎಲ್ಲಾ ಇದೆ.

ತಗಡಿನಲ್ಲಿ ಉಬ್ಬು ಚಿತ್ರ ಮೂಡಿಸುವಾಗ ಕೆಳಗೆ ಏನಾದರೂ ಮೆತ್ತನೆಯ ಆಸರೆ ಬೇಕು. ಇಲ್ಲದಿದ್ದರೆ ತಗಡು ಹರಿಯುತ್ತದೆ. ಅದಕ್ಕೆ ಅವನ ಪಾಕ ಹೀಗೆ. ಹೆಂಚಿನ ಚೂರನ್ನು ನುಣ್ಣಗೆ ಕುಟ್ಟಿ, ಕರಗಿಸಿದ ರಾಳಕ್ಕೆ ಹಾಕಿ, ಸ್ವಲ್ಪ ಮೇಣ ಸೇರಿಸಿ ಕಲಸು. ಅದರ ಮೇಲೆ ಕೂತು ಸಣ್ಣ ಸುತ್ತಿಗೆಯಿಂದ ಬಟ್ಟೆಯ ಮಡಿಕೆ, ಗಡ್ಡದ ಕೂದಲು ಎಲ್ಲವನ್ನೂ ಮೆಲ್ಲಗೆ ಎಬ್ಬಿಸಬೇಕು. ಲೋಹ ಬಿರುಸಾದರೆ ಬೆಂಕಿಗೆ ಹಿಡಿದು ಮತ್ತೆ ಹದ ಮಾಡಿಕೊಳ್ಳಬೇಕು.

ಬೆಳ್ಳಿಗೆ ಚಿನ್ನದ ಮುಲಾಮು ಹಾಕುವುದು ಇದಕ್ಕಿಂತ ಅಪಾಯದ ಕೆಲಸ. ಚಿನ್ನವನ್ನು ಪಾದರಸದಲ್ಲಿ ಕರಗಿಸಿದರೆ ಮೆತ್ತಗಿನ ಮುದ್ದೆ ಆಗುತ್ತದೆ. ಅದನ್ನು ಬೆಳ್ಳಿಯ ಮೇಲೆ ಸವರಿ ಕೆಂಡದ ಮೇಲೆ ಕಾಯಿಸಬೇಕು. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಅಂಟಿಕೊಂಡು ಉಳಿಯುತ್ತದೆ. ಆ ಆವಿ ವಿಷ. ಹಸಿದ ಹೊಟ್ಟೆಯಲ್ಲಿ ಈ ಕೆಲಸ ಮಾಡಬೇಡ, ನಾನಾ ಕಾಯಿಲೆ ಬರುತ್ತದೆ ಅಂತ ಥಿಯೋಫಿಲಸ್ ಎಚ್ಚರಿಸುತ್ತಾನೆ. ಮದ್ದನ್ನೂ ಹೇಳುತ್ತಾನೆ. ಕಚೋರ, ಲಾರೆಲ್ ಮರದ ಹಣ್ಣು, ಕರಿಮೆಣಸು, ಬೆಳ್ಳುಳ್ಳಿ, ದ್ರಾಕ್ಷಾರಸ. ಕಚೋರ ನಮ್ಮ ಕಡೆಯ ಗಡ್ಡೆ. ಕರಿಮೆಣಸಂತೂ ಪಶ್ಚಿಮ ಘಟ್ಟದ ಬಳ್ಳಿಯದು. ಅರಬ್ಬೀ ಸಮುದ್ರ ದಾಟಿ, ಎಷ್ಟೋ ಕೈ ಬದಲಾಗಿ, ಜರ್ಮನಿಯ ಮಠದ ಅಕ್ಕಸಾಲಿಯ ಹೊಟ್ಟೆ ಕಾಯಲು ಹೋಗುತ್ತಿತ್ತು. ಪಾದರಸದ ಆವಿಗೆ ಇದು ಮದ್ದಲ್ಲ ಅಂತ ನಮಗೀಗ ಗೊತ್ತು. ಆ ಹೊಳಪಿನ ಹಿಂದೆ ನಡುಗುವ ಕೈ, ಉದುರಿದ ಹಲ್ಲು ಎಷ್ಟಿದ್ದವೋ. ಈ ಕರಂಡಕಗಳನ್ನು ಮಾಡಿದವರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ ಅನ್ನುವುದು ನನಗೆ ಯಾವಾಗಲೂ ನೋವಿನ ವಿಷಯ.

ಹೆಸರು ಉಳಿದ ಒಬ್ಬನಿದ್ದಾನೆ. ವೆರ್ದಾಂ ಊರಿನ ನಿಕೊಲಸ್. ಆಸ್ಟ್ರಿಯಾದ ಕ್ಲೋಸ್ಟರ್‌ನಾಯ್‌ಬರ್ಗ್ ಮಠದ ಎನಾಮಲ್ (ಲೋಹದ ಮೇಲೆ ಕರಗಿಸಿ ಕೂರಿಸಿದ ಬಣ್ಣದ ಗಾಜು) ಫಲಕಗಳ ಮೇಲೆ ಅವನ ಹೆಸರೂ 1181 ಅಂತ ಇಸವಿಯೂ ಇದೆ. ಕೊಲೋನ್ ಕೆಥೆಡ್ರಲ್‌ನ ಮೂವರು ರಾಜರ ಕರಂಡಕದ ಪ್ರವಾದಿಗಳ ಮೂರ್ತಿಗಳೂ ಅವನ ಕೈಯದೇ ಅನ್ನುತ್ತಾರೆ. ಹುಟ್ಟಿದ ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಮೂಳೆಗಳು ಅಂತ ನಂಬಿದ್ದನ್ನು 1164ರಲ್ಲಿ ಮಿಲಾನ್‌ನಿಂದ ತಂದರು. ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸ ಆ ಊರನ್ನು ಗೆದ್ದಿದ್ದ. ಅವಶೇಷಗಳನ್ನು ಕೊಲೋನಿನ ಆರ್ಚ್‌ಬಿಷಪ್ ರೈನಾಲ್ಡ್‌ಗೆ ಕೊಟ್ಟ. ಕರಂಡಕ ಮುಗಿಯಲು 1225ರ ತನಕ ಹಿಡಿಯಿತು. ಉದ್ದ 2.2 ಮೀಟರ್, ಎತ್ತರ ಒಂದೂವರೆ ಮೀಟರ್. ಚರ್ಚಿನದ್ದೇ ಆಕಾರ. ಸಾವಿರಕ್ಕೂ ಜಾಸ್ತಿ ಹರಳುಗಳಿವೆ. ಎದುರಿನ ಭಾಗ ಚಿನ್ನ, ಉಳಿದ ಕಡೆ ಮುಲಾಮು ಹಾಕಿದ ಬೆಳ್ಳಿ ಮತ್ತು ತಾಮ್ರ. ಪಕ್ಕದಲ್ಲಿ ಕೂತ ಪ್ರವಾದಿಗಳನ್ನು ನೋಡಬೇಕು. ಒಬ್ಬ ತಲೆ ತಿರುಗಿಸಿದ್ದಾನೆ, ಇನ್ನೊಬ್ಬ ಸೊಂಟ ತಿರುಚಿ ಕೂತಿದ್ದಾನೆ. ಅವರು ಉಟ್ಟ ಬಟ್ಟೆ ಒದ್ದೆ ಆದ ಹಾಗೆ ಮೈಗೆ ಅಂಟಿದೆ. ಎದುರಿನಲ್ಲಿ ಮೂವರು ರಾಜರ ಹಿಂದೆ ನಾಲ್ಕನೆಯವನು ಒಬ್ಬ ಇದ್ದಾನೆ. ಅವನು ಜರ್ಮನಿಯ ದೊರೆ ನಾಲ್ಕನೇ ಆಟೊ. ಚಿನ್ನ ಕೊಟ್ಟವನು. ಹಾಗಾಗಿ ಕರಂಡಕದಲ್ಲೇ ಜಾಗ ಸಿಕ್ಕಿತು. ಯಾತ್ರಿಕರು ಎಷ್ಟು ಬಂದರು ಅಂದರೆ 1248ರಲ್ಲಿ ಹಳೆಯ ಚರ್ಚಿನ ಜಾಗದಲ್ಲಿ ಈಗಿನ ಭಾರೀ ಕೆಥೆಡ್ರಲ್ ಕಟ್ಟಲು ಶುರು ಮಾಡಿದರು.

ಭಂಡಾರ ಅಂದರೆ ಏನು ಅಂತ ಈಗ ಕೇಳಿಕೊಳ್ಳಬಹುದು. ಗಟ್ಟಿ ಬಾಗಿಲಿನ ಒಂದು ಕೋಣೆ, ಅದಕ್ಕೆ ಹೊಣೆಗಾರ ಒಬ್ಬ, ಅವನ ಕೈಯಲ್ಲಿ ಸಾಮಾನಿನ ಪಟ್ಟಿ. ಪಟ್ಟಿಯಲ್ಲಿ ಎಷ್ಟೋ ಸಲ ತೂಕವನ್ನೂ ಬರೆದಿರುತ್ತಾರೆ. ಯಾಕೆಂದರೆ ಕಷ್ಟ ಬಂದಾಗ ಅದೇ ದುಡ್ಡು. ಬರಗಾಲ, ಯುದ್ಧ, ಸುಟ್ಟುಹೋದ ಚಾವಣಿ, ಯಾವುದಕ್ಕಾದರೂ ಸರಿ, ಕರಗಿಸುತ್ತಿದ್ದರು ಇಲ್ಲವೇ ಅಡ ಇಡುತ್ತಿದ್ದರು. ಮುಳ್ಳಿನ ಕಿರೀಟದ ಕಥೆ ನೋಡಿ. ಯೇಸುವಿನ ತಲೆಗೆ ಹಾಕಿದ್ದು ಎಂದು ನಂಬಿದ ಆ ಕಿರೀಟ ಕಾನ್‌ಸ್ಟಾಂಟಿನೋಪಲ್‌ನಲ್ಲಿತ್ತು. ಬರಿಗೈಯಾದ ಅಲ್ಲಿನ ಅರಸರು ಅದನ್ನು ವೆನಿಸ್‌ನ ವ್ಯಾಪಾರಿಯ ಹತ್ತಿರ ಅಡ ಇಟ್ಟರು. 1239ರಲ್ಲಿ ಫ್ರಾನ್ಸಿನ ಒಂಬತ್ತನೇ ಲೂಯಿ ಸಾಲ ತೀರಿಸಿ ತಂದ. ಕೊಟ್ಟದ್ದು 1,35,000 ಲಿವ್ರ್ (ಆಗಿನ ಫ್ರಾನ್ಸಿನ ಹಣದ ಲೆಕ್ಕ) ಅಂತ ಹೇಳುತ್ತಾರೆ. ಅದನ್ನು ಇಡಲು ಪ್ಯಾರಿಸ್‌ನಲ್ಲಿ ಕಟ್ಟಿಸಿದ ಸಾಂತ್ ಶಪೆಲ್‌ಗೆ ಖರ್ಚಾದದ್ದು ಸುಮಾರು 40,000. ಇಡೀ ಕಟ್ಟಡಕ್ಕಿಂತ ಮುಳ್ಳಿಗೇ ಮೂರು ಪಟ್ಟು ಜಾಸ್ತಿ!

ಇಷ್ಟು ಚಿನ್ನ ದೇವರ ಮನೆಯಲ್ಲಿ ಬೇಕಾ ಅನ್ನುವ ಜಗಳ ಆಗಲೇ ಇತ್ತು. ಪ್ಯಾರಿಸ್ ಹತ್ತಿರದ ಸೇಂಟ್ ಡೆನಿಸ್ ಮಠದ ಯಜಮಾನ ಸೂಜೇ ಬೇಕು ಅನ್ನುವವನು. ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದ ಹಳೇ ಕೆಂಗಲ್ಲಿನ ಹೂಜಿಯೊಂದಕ್ಕೆ ಮುಲಾಮು ಹಾಕಿದ ಬೆಳ್ಳಿಯ ಕತ್ತು, ರೆಕ್ಕೆ, ಕಾಲು ಸೇರಿಸಿ ಹದ್ದು ಮಾಡಿಸಿದ. ಈಗ ಅದು ಲೂವ್ರ್‌ನಲ್ಲಿದೆ. ಅದೇ ಕಾಲದ ಕ್ಲೇರ್ವೋ ಮಠದ ಸಂತ ಬೆರ್ನಾರ್ ಬೇಡ ಅನ್ನುವವನು. (ಮೇಷ್ಟ್ರು ಬೆರ್ನಾರ್ ಬೇರೆ, ಇವನು ಬೇರೆ.) ಚರ್ಚು ತನ್ನ ಕಲ್ಲಿಗೆ ಚಿನ್ನ ಉಡಿಸಿ ತನ್ನ ಮಕ್ಕಳನ್ನು ಬೆತ್ತಲೆ ಬಿಡುತ್ತದೆ ಅಂತ ಅವನು ಬರೆದ. ಈ ಮಾತು ಇವತ್ತಿಗೂ ಚುಚ್ಚುತ್ತದೆ. ಸೂಜೇ ಇನ್ನೊಂದು ಸಂಗತಿ ಬರೆದಿಟ್ಟಿದ್ದಾನೆ. ದೊಡ್ಡ ಚಿನ್ನದ ಶಿಲುಬೆ ಮಾಡಿಸುವಾಗ ಹರಳು ಸಾಲದೆ ಚಿಂತೆಯಲ್ಲಿದ್ದನಂತೆ. ಆಗ ಬೆರ್ನಾರ್‌ನ ಪಂಥದ ಸನ್ಯಾಸಿಗಳೇ ಹರಳು ಮಾರಲು ಬಂದರು. ದಾನವಾಗಿ ಬಂದದ್ದು, ಅವರಿಗೆ ಬೇಡ. 400 ಲಿವ್ರ್‌ಗೆ ಕೊಂಡೆ, ಬೆಲೆ ಇನ್ನೂ ಜಾಸ್ತಿ ಇತ್ತು ಅಂತ ಸೂಜೇ ಹೇಳುತ್ತಾನೆ. ನನ್ನ ಮನಸ್ಸು ಇಬ್ಬರ ಕಡೆಗೂ ಎಳೆಯುತ್ತದೆ. ಬೆರ್ನಾರ್ ಕೇಳಿದ್ದು ನ್ಯಾಯ. ಸೂಜೇ ಇರದಿದ್ದರೆ ಆ ಹದ್ದು ಇರುತ್ತಿರಲಿಲ್ಲ.

ಒಂದು ನಿಯಮ ಕರಂಡಕದ ಆಕಾರವನ್ನೇ ಬದಲಿಸಿತು. 1215ರಲ್ಲಿ ರೋಮ್‌ನ ಲ್ಯಾಟೆರನ್ ಧರ್ಮಸಭೆ, ಹಳೆಯ ಅವಶೇಷಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ತೋರಿಸಬಾರದು ಅಂತ ತೀರ್ಮಾನ ಮಾಡಿತು. ಜನಕ್ಕೆ ಕಣ್ಣಾರೆ ನೋಡಬೇಕು. ತೆಗೆಯುವ ಹಾಗಿಲ್ಲ. ಸ್ಫಟಿಕದ ಕರಂಡಕಗಳು ಆಮೇಲೆ ಹೆಚ್ಚಾದವು. ಒಳಗಿನದು ಹೊರಗಿನಿಂದಲೇ ಕಾಣುತ್ತದೆ. ಸ್ಫಟಿಕದಲ್ಲಿ ಒಳ್ಳೊಳ್ಳೆಯ ತುಣುಕುಗಳು ಈಜಿಪ್ಟಿನಿಂದ ಬಂದವು. ಅಲ್ಲಿ ಫಾತಿಮಿ ಖಲೀಫರ ಭಂಡಾರ 1060ರ ದಶಕದಲ್ಲಿ ಲೂಟಿಯಾಗಿ ಚೆಲ್ಲಾಪಿಲ್ಲಿ ಆಗಿತ್ತು. ಅತ್ತರಿನ ಕುಪ್ಪಿ, ನೀರಿನ ಹೂಜಿ ಎಲ್ಲಾ ಯುರೋಪಿನ ಚರ್ಚುಗಳಿಗೆ ಸೇರಿದವು. ವೆನಿಸ್‌ನ ಸೇಂಟ್ ಮಾರ್ಕ್ ಭಂಡಾರದ ಒಂದು ಸ್ಫಟಿಕದ ಹೂಜಿಯ ಮೇಲೆ ಖಲೀಫ ಅಲ್ ಅಜೀಜ್‌ನ ಹೆಸರು ಅರಬ್ಬಿಯಲ್ಲಿ ಇವತ್ತಿಗೂ ಇದೆ. ಯಾರೂ ಅಳಿಸಲಿಲ್ಲ.

ಹೋದದ್ದು ಉಳಿದದ್ದಕ್ಕಿಂತ ಎಷ್ಟೋ ಜಾಸ್ತಿ. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1538ರಲ್ಲಿ ಕ್ಯಾಂಟರ್ಬರಿಯ ಸಂತ ಥಾಮಸ್ ಬೆಕೆಟ್‌ನ ಕರಂಡಕ ಒಡೆಸಿದ. ಚಿನ್ನ ಬೆಳ್ಳಿ ಸಾಗಿಸಲು 26 ಗಾಡಿ ಬೇಕಾದವು ಅಂತ ಹೇಳುವುದುಂಟು. ಫ್ರಾನ್ಸಿನ ಕ್ರಾಂತಿಯಲ್ಲಿ ಸೂಜೇ ಮಾಡಿಸಿದ ಶಿಲುಬೆಯ ಜಾತಿಯ ಎಷ್ಟೋ ಕೆಲಸಗಳು ಟಂಕಸಾಲೆಯ ಕುಲುಮೆ ಸೇರಿದವು. ಕಾಂಕ್‌ನಲ್ಲಿ ಮಾತ್ರ ಜನ ಎಚ್ಚೆತ್ತುಕೊಂಡರು. ಭಂಡಾರದ ಸಾಮಾನುಗಳನ್ನು ಹಂಚಿಕೊಂಡು ಮನೆ, ತೋಟಗಳಲ್ಲಿ ಬಚ್ಚಿಟ್ಟರು. ಗಲಾಟೆ ಮುಗಿದ ಮೇಲೆ ತಂದು ಒಪ್ಪಿಸಿದರು. ಅದೂ ಬಡವರ ಊರು. ಒಬ್ಬೊಬ್ಬರ ಮನೆಯಲ್ಲಿ ಜೀವಮಾನಕ್ಕೆ ಸಾಕಾಗುವಷ್ಟು ಚಿನ್ನ ಇದ್ದಿರಬೇಕು. 1837ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರ್ ಪ್ರಾಸ್ಪರ್ ಮೆರಿಮೆ ಅಲ್ಲಿಗೆ ಬಂದಾಗ ಅಂಥ ಮೂಲೆಯಲ್ಲಿ ಇಷ್ಟು ಸಂಪತ್ತು ಕಂಡು ಬೆರಗಾದ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನದು ಬೇರೆ ಥರ. ಅಲ್ಲಿ 1529ರ ಧಾರ್ಮಿಕ ಗಲಭೆಯಲ್ಲೂ ಭಂಡಾರ ಉಳಿದಿತ್ತು. 1833ರಲ್ಲಿ ಊರು ಮತ್ತು ಹಳ್ಳಿಗಾಡು ಬೇರೆ ಬೇರೆ ರಾಜ್ಯಗಳಾದಾಗ ಆಸ್ತಿ ಪಾಲಾಯಿತು. ಹಳ್ಳಿಗಾಡಿನವರು 1836ರಲ್ಲಿ ತಮ್ಮ ಪಾಲನ್ನು ಹರಾಜು ಹಾಕಿದರು. ಆ ಸಾಮಾನು ಈಗ ದೇಶದೇಶದ ಮ್ಯೂಸಿಯಂಗಳಲ್ಲಿ ಹಂಚಿಹೋಗಿದೆ. ಜರ್ಮನಿಯ ಕ್ವೆಡ್ಲಿನ್‌ಬರ್ಗ್‌ನಲ್ಲಿ 1945ರಲ್ಲಿ ಒಬ್ಬ ಅಮೆರಿಕನ್ ಸೇನಾಧಿಕಾರಿ ಕರಂಡಕಗಳನ್ನು ಕದ್ದು ಮಿಲಿಟರಿ ಅಂಚೆಯಲ್ಲಿ ಟೆಕ್ಸಾಸ್‌ನ ಮನೆಗೆ ಕಳಿಸಿಬಿಟ್ಟ. ಅವು ವಾಪಸು ಬಂದದ್ದು 1990ರ ದಶಕದಲ್ಲಿ.

ಪ್ರಶ್ನೆಗಳ ಹೊತ್ತಿನಲ್ಲಿ ಹಿರಿಯರೊಬ್ಬರು ಕೇಳಿದರು: "ಆ ಮೂಳೆಗಳು ನಿಜಕ್ಕೂ ಆ ಸಂತರದ್ದೇನಾ?" ಆ ಕಾಲದವರಿಗೂ ಈ ಅನುಮಾನ ಇತ್ತು. 12ನೇ ಶತಮಾನದ ಮಠಾಧಿಪತಿ ನೊಜಾಂ ಊರಿನ ಗೀಬೆರ್, ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನ ತಲೆ ಎರಡು ಊರುಗಳಲ್ಲಿ ಇದೆಯಲ್ಲ, ಅವನಿಗೆ ಎರಡು ತಲೆ ಇತ್ತಾ ಅಂತ ನೇರವಾಗಿ ಕೇಳಿದ. ಸಂತರ ದೇಹಗಳನ್ನು ಮಣ್ಣಿನಲ್ಲಿ ಇರಲು ಬಿಡಿ, ಚಿನ್ನ ಬೆಳ್ಳಿಯಲ್ಲಿ ಮುಚ್ಚಬೇಡಿ ಅಂತಲೂ ಬರೆದ. ಮೂಳೆ ಯಾರದ್ದು ಅಂತ ಹೆಚ್ಚಿನ ಕಡೆ ಸಾಬೀತು ಮಾಡಲಾಗದು. ಅದರ ಮುಂದೆ ಕೂತು ಅತ್ತವರು, ಕಿವಿಯೋಲೆ ಬಿಚ್ಚಿಕೊಟ್ಟವರು ನಿಜ. ನಾನು ಅವರಿಗಾಗಿ ಇವುಗಳನ್ನು ನೋಡುತ್ತೇನೆ.

ಇನ್ನೊಬ್ಬರು, ಇಂಥದ್ದು ನಮ್ಮ ಹತ್ತಿರ ಎಲ್ಲಾದರೂ ಇದೆಯಾ ಅಂದರು. ಇದೆ. ಮಧ್ಯಯುಗದ್ದಲ್ಲ, ಆದರೆ ಅದೇ ಸಂಪ್ರದಾಯ. ಹಳೇ ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಬೆಳ್ಳಿಯ ಪೆಟ್ಟಿಗೆ. ದೇಹ ಗೋವಾಕ್ಕೆ ಬಂದದ್ದು 1554ರಲ್ಲಿ. 1614ರಲ್ಲಿ ಬಲಗೈಯ ಒಂದು ಭಾಗವನ್ನು ರೋಮ್‌ಗೆ ಕಳಿಸಿದರು. ಪೆಟ್ಟಿಗೆಯನ್ನು 1636-37ರಲ್ಲಿ ಮಾಡಿದವರು ಗೋವಾದ ಬೆಳ್ಳಿ ಕೆಲಸಗಾರರೇ. ಸಂತರ ಬದುಕಿನ 32 ಪ್ರಸಂಗಗಳನ್ನು ಅದರ ಸುತ್ತ ಉಬ್ಬು ಕೆಲಸದಲ್ಲಿ ಮೂಡಿಸಿದ್ದಾರೆ. ಅದರಲ್ಲಿ ಕೂರಿಸಿದ್ದ ಹರಳುಗಳು ಈಗ ಇಲ್ಲ. ಹುಬ್ಬಳ್ಳಿ ಕಡೆಯವರಿಗೆ, ಕಾರವಾರದವರಿಗೆ ಒಂದು ದಿನದಲ್ಲಿ ಹೋಗಿ ಬರುವ ದೂರ. ಟಸ್ಕನಿಯ ದೊರೆ ಮೂರನೇ ಕೊಸಿಮೊ ಮೆಡಿಚಿ ಕಳಿಸಿದ ಅಮೃತಶಿಲೆಯ ಕಟ್ಟೆಯ ಮೇಲೆ, ತುಂಬಾ ಎತ್ತರದಲ್ಲಿ ಇಟ್ಟಿದ್ದಾರೆ. ಕೆಳಗಿನಿಂದ ಬರಿಗಣ್ಣಿಗೆ ಫಲಕಗಳು ಸರಿಯಾಗಿ ಕಾಣುವುದಿಲ್ಲ. ಹೋಗುವಾಗ ಒಂದು ದುರ್ಬೀನು ಇಟ್ಟುಕೊಳ್ಳಿ.